ಅಟ್ಟಕ್ಕೇರಿದ ಈಳಿಗೆ

ಬೈಲಹೊಂಗಲ
೧೮ ಜುಲೈ ೧೯೭೬, ರವಿವಾರ

ಪ್ರೀತಿಯ ತಮ್ಮ ರಾಯಪ್ಪಾ,

ಅಕ್ಕನ ಆಶೀರ್ವಾದ. ನಿನ್ನ ಮೊಣಕಾಲು ಹೇಗಿದೆ? ಕಳಿಸಿದ ಎಣ್ಣೆಯನ್ನು ಬ್ಯಾರಕ್ಕಿನವರಿಗೆಲ್ಲ ಹಂಚದೆ ನೀನೂ ಒಂದಿಷ್ಟು ಹಚ್ಚಿಕೊ. ಇಲ್ಲಿ ಮಳೆ ಹದವಾಗಿದೆ.

ಕಳೆದ ವಾರ ದೇಗಾಂವಕ್ಕೆ ಹೋಗಿದ್ದೆ. ನಿನ್ನ ಪತ್ರ ಓದಲು ನಾನೇ ಬೇಕಿತ್ತು. ಅವ್ವನೂ ನಿನ್ನ ಹೆಂಡತಿಯೂ ಎದುರಿಗೆ ಕುಳಿತರು. "ಗ್ರಹಣದಾಗ ಆಕಿ ಕೈಯಾಗ ಈಳಿಗಿ ಕೊಟ್ಟಾವ್ರ ಯಾರು? ಅದು ತಿಳಿಯೂತನಕ ನಾ ಊರಿಗೆ ಬರೂದಿಲ್ಲ" ಎಂಬ ಸಾಲು ಬಂದಾಗ ನುಂಗಿಕೊಂಡು, ಆರಾಮ ಇದ್ದಾನಂತೆ ಎಂದೆ. ಕೃಷ್ಣವ್ವ ಮೆಲ್ಲಗೆ ಕೇಳಿದಳು, "ಕೂಸಿನ ಸುದ್ದಿ ಏನೂ ಬರದಿಲ್ಲೇನ್ರಿ ಅಕ್ಕಾರ?" ಮಗುವಿನ ಬಲಗೈಗೆ ಮೂರೇ ಬೆರಳು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅವಳು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ನಸುಕಿನಲ್ಲಿ, ಗ್ರಹಣ ಬಿಡುವ ಮೊದಲೇ, ತಾನು ಕುಂಬಳಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಅವಳೂ ನಂಬಿದ್ದಾಳೆ. ಅವ್ವ ಈಳಿಗೆಯನ್ನು ಅಟ್ಟಕ್ಕೇರಿಸಿದ್ದಾಳೆ. ಬದನೆಕಾಯಿಯನ್ನೂ ಕೈಯಲ್ಲೇ ಮುರಿದು ಹಾಕುತ್ತಾಳೆ. ಸೊಸೆಯ ಮೇಲಿನ ಸಿಟ್ಟೆಂದುಕೊಂಡೆ.

ನಾನು ಕಾಲೇಜಿನಲ್ಲಿ ಮಿಡತೆ ಸಾಕಿರುವುದು ನಿನಗೆ ಗೊತ್ತಲ್ಲ, ನೀನೇ ನಗುತ್ತಿದ್ದೆ. ಅವು ಹಸಿ ಮರಳಿನಲ್ಲಿ ಅಕ್ಕಿಕಾಳಿನಂಥ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತವೆ. ಸಿಪ್ಪೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲು ಕಾಣುವುದು ಅಗಲವಾದ ತಲೆ. ಹಿಂದಿನದೆಲ್ಲ ಇನ್ನೂ ಗೆರೆಯಿಲ್ಲದ ತುಣುಕು. ಅದು ಬಾಲದ ಕಡೆಗೆ ಬೆಳೆಯುತ್ತ ಹೋದಂತೆ, ಜೋಳದ ದಂಟಿಗೆ ಗೆಣ್ಣು ಮೂಡಿದಂತೆ, ಒಂದರ ಹಿಂದೊಂದು ಖಂಡ ಮೂಡುತ್ತದೆ. ಖಂಡಖಂಡಕ್ಕೂ ಪುಟ್ಟ ಮೊಗ್ಗು. ಮುಂದಿನವು ಬಾಯಿಯ ಅಂಗಗಳಾಗುತ್ತವೆ, ನಡುವಿನವು ಕಾಲು. ಹೊಟ್ಟೆಯ ಮೇಲಿನವು ಬಂದ ಹಾಗೇ ಅಳಿದುಹೋಗುತ್ತವೆ. ಒಮ್ಮೆ ಒಂದೇ ಗೊಂಚಲಿನ ಮೊಟ್ಟೆಗಳಲ್ಲಿ ಒಂದಕ್ಕೆ ಮಾತ್ರ ಒಂದು ಕಾಲು ಮೊಟಕಾಗಿತ್ತು. ಅದೇ ತಾಯಿ, ಅದೇ ಮರಳು, ಅದೇ ತೇವ. ಯಾಕೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೂ ಅವ್ವನಿಗೆ ಹೇಳಿದೆ. "ನನ್ನ ಮೊಮ್ಮಗಳು ಮಿಡಚಿ ಏನ?" ಎಂದಳು, ನಗದೆ.

ಮಿಡತೆಯಲ್ಲ, ನಿಜ. ಆದರೆ ಲೆಕ್ಕ ನೋಡು. ನೀನು ರಜೆಗೆ ಬಂದದ್ದು ಗಣೇಶನ ಹಬ್ಬಕ್ಕೆ, ಗ್ರಹಣ ಹಿಡಿದದ್ದು ಅದಾಗಿ ಹತ್ತು ವಾರಕ್ಕೆ, ನವೆಂಬರದಲ್ಲಿ. ಮನುಷ್ಯರ ಕೂಸಿಗೆ ಬೆರಳುಗಳು ಎರಡು ತಿಂಗಳೊಳಗೇ ಬಿಡಿಬಿಡಿಯಾಗಿಬಿಡುತ್ತವೆ. ಕುಂಬಳಕಾಯಿ ಹೆಚ್ಚುವ ಮೊದಲೇ ಆ ಕೈ ಹಾಗಿತ್ತು. ಇದು ಮಾತ್ರ ನನಗೆ ಗೊತ್ತು.

ತೊಟ್ಟಿಲು ಇನ್ನೂ ಕಟ್ಟಿಲ್ಲ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಹೆಸರು ಹೇಳುವಾಗ ಹೆಂಗಸರು ಬೆನ್ನಿಗೆ ಹಾಕುವ ಗುದ್ದು ತಿನ್ನಲೂ ತಯಾರಿದ್ದೇನೆ. ನೀನಿಲ್ಲದೆ ಬೇಡವೆಂದು ಕೃಷ್ಣವ್ವ ಕಾಯುತ್ತಿದ್ದಾಳೆ.

ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅಕ್ಕ,
ಇಂದ್ರವ್ವ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದನ್ನು ಬರೆಯುತ್ತಿದ್ದೇನೆ. ಈಳಿಗೆ ಕೊಟ್ಟವಳು ಅವ್ವ. ಕೋಳಿ ಕೂಗಿತು, ಗ್ರಹಣ ಬಿಟ್ಟಿತೆಂದು ತಿಳಿದಳಂತೆ. ನಿನ್ನ ಪ್ರಶ್ನೆಯನ್ನು ನಾನು ಓದದಿದ್ದರೂ ಅವಳಿಗೆ ಗೊತ್ತಾಗಿದೆ. ನಾನು ದೇಗಾಂವದಿಂದ ಹೊರಟ ದಿನ ಬಸ್ಸಿನ ತನಕ ಬಂದು ಹೇಳಿದಳು: "ಅವಗ ನನ್ನ ಹೆಸರ ಬರಿ. ಆ ಹುಡುಗಿ ಇಷ್ಟ ದಿನಾ ನನ್ನ ಹೆಸರ ಯಾರ ಮುಂದನೂ ತಗದಿಲ್ಲ." ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ, ಇನ್ನು ಬಾ. ಬಂದವನೇ ಅಟ್ಟದ ಮೇಲಿನ ಈಳಿಗೆ ಇಳಿಸಿ ಅವ್ವನ ಕೈಗೆ ಕೊಡು. ನಾನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.