ಹನ್ನೊಂದು ಕೆಂಪು ಸುತ್ತು

ಲಕಮನಹಳ್ಳಿ, ಧಾರವಾಡ
ಬುಧವಾರ, 12 ಫೆಬ್ರವರಿ 2025

ಪ್ರೀತಿಯ ಮಗಳು ಶಾಂಭವಿಗೆ,

ಮೈಸೂರಿನ ತರಬೇತಿ ಶಿಬಿರದ ಊಟ ನಿನ್ನ ಹೊಟ್ಟೆಗೆ ಒಗ್ಗಿದೆಯೇ? ಅಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವೆಂದು ನಿನ್ನ ಅವ್ವ ದಿನಕ್ಕೆರಡು ಸಲ ಹೇಳುತ್ತಾಳೆ. ನನ್ನ ಮೊಣಕಾಲು ನೋವು ಇದ್ದಷ್ಟೇ ಇದೆ; ಹೆಚ್ಚಿಲ್ಲವಲ್ಲ, ಅದನ್ನೇ ಲಾಭವೆಂದುಕೊಂಡಿದ್ದೇನೆ.

ಭಾನುವಾರದ ಪ್ರಕರಣಕ್ಕೆ ಆದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ: ಮೂರು ಕಪ್ ಚಹಾ, ಎರಡು ತಾಸು, ನಿನ್ನ ದಪ್ಪ ನಿಘಂಟಿನ ಬೆನ್ನು. ಬೀಳಿಸಿದವನು ನಾನೇ. ನಿನ್ನ ವಿದ್ಯಾರ್ಥಿನಿ, ಗರಗದ ಸುಜಾತಾ ಬಂದಿದ್ದಳು. ನಿನ್ನನ್ನು ಕೇಳಿಕೊಂಡಲ್ಲ, ನನ್ನನ್ನು. "ಕಾಕಾರ, ಕಾಲೇಜು ಸಾಕ್ರಿ. ಇಲ್ಲೇ ಬೇಲೂರ ಇಂಡಸ್ಟ್ರಿಯಲ್ ಏರಿಯಾದ ನಿಮ್ಮ ಫ್ಯಾಕ್ಟರ್ಯಾಗ ಡಬ್ಬಿ ಕಟ್ಟೂ ಕೆಲಸ ಇದ್ರ ಕೊಡ್ರಿ. ಛಲೋ ದುಡೀತೇನಿ ಮತ್ತ" ಎಂದಳು. ಯಾಕೆಂದು ಕೇಳಿದರೆ ನೀನು ತಿದ್ದಿದ ಇಂಗ್ಲಿಷ್ ಪ್ರಬಂಧವನ್ನು ಮುಂದಿಟ್ಟಳು. ಇಪ್ಪತ್ತಕ್ಕೆ ನಾಲ್ಕು. "ಒಂದು ಮಾತಿಗೊಂದು ಸಂಬಂಧ ಇಲ್ಲ ಅಂತ ಬರದಾರ್ರಿ ಮೇಡಮ್ಮಾರು. ಖರೇನ ಇರಬೇಕ್ರಿ."

ನನ್ನ ಇಂಗ್ಲಿಷು ಲಾರಿಯವರ ಬಿಲ್ಲು ಓದುವಷ್ಟು. ಆದರೆ ಎಣಿಸಲು ಬರುತ್ತದೆ. ಹನ್ನೊಂದು ಕೆಂಪು ಸುತ್ತು, ಹನ್ನೊಂದೂ ಒಂದೇ ಪದಕ್ಕೆ: ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಂತ 'ಆ್ಯಂಡ್'. ಇದನ್ನೇ ಕನ್ನಡದಲ್ಲಿ ಹೇಳು ಎಂದೆ. "ಅವ್ವ ಮಗ್ಗದ ಮುಂದ ಕುಂದರ್ತಾಳ್ರಿ. ನೂಲು ಹರೀತದ. ಹರದಲ್ಲೇ ಗಂಟು ಹಾಕ್ತಾಳ. ನೇಯ್ದ ಅರಿವ್ಯಾಗ ಆ ಗಂಟು ಕಾಣಂಗಿಲ್ರಿ ಮತ್ತ."

ಆಗ ಗೊತ್ತಾಯಿತು. ನಮ್ಮ ಬಾಯಲ್ಲಿ ಮಾತಿನ ಕೊನೆಗೆ ಸುಮ್ಮನೆ ಒತ್ತಿಗೆ ಬರುವ 'ಮತ್ತ'ವನ್ನು ಅವಳು 'ಮತ್ತು' ಎಂದು ತಿಳಿದು, ನಿಘಂಟು ನೋಡಿ 'ಆ್ಯಂಡ್' ಹಾಕಿದ್ದಾಳೆ. ಹನ್ನೊಂದನ್ನೂ ಹೊಡೆದುಹಾಕಿ ಮತ್ತೊಮ್ಮೆ ಕನ್ನಡದಲ್ಲಿ ಹೇಳಿಸಿದೆ. ಮಾತಿನ ಒಂದು ಎಳೆಯೂ ಬಿಚ್ಚಲಿಲ್ಲ.

ಮಾದರಿಗೆಂದು ಸಹಪಾಠಿ ಪ್ರತಾಪನ ಪ್ರಬಂಧವನ್ನೂ ತಂದಿದ್ದಳು. ಅದರಲ್ಲಿ 'ಮೋರೋವರ್' ಏಳು, 'ದೇರ್‌ಫೋರ್' ಐದು. ಅದನ್ನೂ ಅವಳಿಂದಲೇ ಕನ್ನಡದಲ್ಲಿ ಹೇಳಿಸಿದೆ. ಮರಗಳು ಗಾಳಿ ಕೊಡುತ್ತವೆ, ಆದ್ದರಿಂದ ಮೊಬೈಲು ಕೆಟ್ಟದ್ದು ಎಂದಿತ್ತು. ಅದಕ್ಕೆ ಹದಿನಾರು ಅಂಕ.

ಫೋನ್ ಇಡುವಾಗ ನೀನೂ "ಇಡ್ತೇನಿ ಮತ್ತ" ಅನ್ನುತ್ತೀ. ಆ 'ಮತ್ತ' ಮುಂದೆ ಯಾವ ಮಾತಿಗೂ ಅಂಟುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಅದಕ್ಕೆ ಸುತ್ತು ಹಾಕಿಲ್ಲ.

ಅವ್ವನ ಆಶೀರ್ವಾದವೆಲ್ಲ ಶೇಂಗಾ ಚಟ್ನಿಯ ರೂಪದಲ್ಲಿ ಈ ಪಾಕೀಟಿನಲ್ಲಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಗುರುಪಾದ

ತಾ.ಕ.: ಅಂಕ ಕಳಿಸಲು ಶನಿವಾರ ಕಡೆಯ ದಿನವಂತೆ. ಸುಜಾತಾಳ ಹಾಳೆಯನ್ನು ಇದರೊಳಗೇ ಇಟ್ಟಿದ್ದೇನೆ. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಅವಳಿಗೆ ಹೇಳಿಯಾಗಿದೆ. ಅಂಥ ಕೈ ತಾನಾಗಿ ಬಂದರೆ ಯಾವ ಮಾಲೀಕ ಬಿಡುತ್ತಾನೆ? ಇವತ್ತಿಗೆ ಹೀಗಿದೆ: ಪ್ರತಾಪನಿಗೆ ಹದಿನಾರು, ಸುಜಾತಾಳಿಗೆ ನಾಲ್ಕು, ನನಗೆ ಒಬ್ಬ ಒಳ್ಳೆಯ ಕೆಲಸಗಾರ್ತಿ. ನಿನಗೆ ಒಬ್ಬ ವಿದ್ಯಾರ್ಥಿನಿ ಕಡಿಮೆ.