ನೋಂಬು ಹಿಡಿದ ಮರಿ

ಈಶ್ವರಮಂಗಲ
23 ಮಾರ್ಚ್ 2026

ಪ್ರೀತಿಯ ಮಗ ನವಾಝ್‌ಗೆ ಉಮ್ಮನ ಸಲಾಂ.

ಬೆನ್ನುನೋವು ಹೇಗಿದೆ? ಎಸಿಯ ನೇರ ಕೆಳಗೆ ಮಲಗಬೇಡ ಎಂದು ಎಷ್ಟು ಸಲ ಹೇಳಿದರೂ ನಿನ್ನದು ಅದೇ ಹಟ. ಇಲ್ಲಿ ನಾನೂ ಸೊಸೆ ಮುಫೀದಾಳೂ ಚೆನ್ನಾಗಿದ್ದೇವೆ. ನಿನ್ನ ಮಗಳು ಝುಹ್ರಾ ಮಾತ್ರ ಪೆರ್ನಾಲ್ ಹಬ್ಬದ ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಶಾರ್ಜಾಕ್ಕೆ ಹೊರಟ ಸುಲೈಮಾನನ ಕೈಯಲ್ಲಿ ಈ ಕಾಗದ.

ನೀನು ಅಲ್ಲಿಂದ, ಅವಳು ಇಲ್ಲಿಂದ ಮೊಬೈಲಿನ ಆಟದಲ್ಲಿ ಒಟ್ಟಿಗೆ ಸಾಕಿದ ಮರಿಯ ವಿಷಯ. ಅದು ಬೆಳೆಯಲು ಎರಡು ದಾರಿಯಂತೆ: ಹಗಲಿಡೀ ಮಾಂಸ ತಿನ್ನಿಸಿದರೆ ಬೆಂಕಿ ಉಗುಳುವ ಡ್ರ್ಯಾಗನ್, ಕತ್ತಲಾದ ಮೇಲೆ ಮಾತ್ರ ತಿನ್ನಿಸಿದರೆ ಬೇರೆ ಏನೋ. ಡ್ರ್ಯಾಗನ್ನೇ ಆಗಬೇಕೆಂದು ನೀನು ಅಪ್ಪಣೆ ಕೊಟ್ಟಿದ್ದೆ. ಆದರೆ ಝುಹ್ರಾ ಈ ರಂಝಾನಿನಲ್ಲಿ ಮೊದಲ ಸಲ ಎಲ್ಲ ಉಪವಾಸಗಳನ್ನೂ ಹಿಡಿದಳು. “ನನಗೆ ನೋಂಬು ಇರುವಾಗ ಅದಕ್ಕೆ ಮಾತ್ರ ತಿನ್ಲಿಕ್ಕೆ ಕೊಡುದು ಹೇಗೆ?” ಎಂದಳು. ಹತ್ತು ವರ್ಷದವಳ ಮಾತಿಗೆ ನಾನೂ ತಲೆಯಾಡಿಸಿದೆ. ಸಂಜೆ ಮಸೀದಿಯ ಬಾಂಗ್ ಕೇಳಿದ ಮೇಲೆ ತಾನು ಖರ್ಜೂರ ಬಾಯಿಗಿಟ್ಟು ಅದಕ್ಕೂ ಹಣ್ಣು ಕೊಡುತ್ತಿದ್ದಳು. ಹಬ್ಬದ ಮುನ್ನಾದಿನ ಅದು ಅಗಲ ಕಿವಿಯ, ಬಾಲದ ತುದಿಯಲ್ಲಿ ಬೆಳಕಿರುವ ಪುಟ್ಟ ಬಾವಲಿಯಾಯಿತು. ಅವಳು ಕುಣಿದದ್ದನ್ನು ನೀನು ನೋಡಬೇಕಿತ್ತು.

ನೀನೋ, ಹಬ್ಬದ ದಿನ ಫೋನಿನಲ್ಲಿ ಅವಳಿಗೆ, “ಎಲ್ಲ ಹಾಳು ಮಾಡಿದಿಯಲ್ಲ ಮಾರಾಯ್ತಿ! ಶುಕ್ರವಾರ ರಜೆ ಉಂಟು, ಅಳಿಸಿ ಮೊಟ್ಟೆಯಿಂದ ಶುರು ಮಾಡ್ತೇನೆ” ಎಂದೆ. ಅಂದಿನಿಂದ ಅವಳು ನಿನ್ನ ಫೋನಿಗೆ ಬರುತ್ತಿಲ್ಲ.

ಅಳಿಸಲು ನಾನು ಬಿಡುವುದಿಲ್ಲ, ನವಾಝ್. ಹಾಳಾದದ್ದು ಏನು? ಅದು ಹಾರುತ್ತದೆ, ತಿನ್ನುತ್ತದೆ, ಅವಳು ಕರೆದರೆ ಬರುತ್ತದೆ. ನಿನ್ನನ್ನು ಬಟ್ಟೆ ಅಂಗಡಿಯಲ್ಲಿ ಕೂರಿಸಬೇಕೆಂದು ನಿನ್ನ ಉಪ್ಪ ಎಷ್ಟು ಆಸೆಪಟ್ಟಿದ್ದರು! ನೀನು ಲಿಫ್ಟ್ ರಿಪೇರಿ ಕಲಿತು ಸಮುದ್ರ ದಾಟಿದೆ. ಹೀಗಾಯಿತೆಂದು ನಿನ್ನನ್ನು ಮತ್ತೆ ತೊಟ್ಟಿಲಿಗೆ ಹಾಕಿದೆವಾ? ಒಂದು ತಿಂಗಳು ಹಸಿದುಕೊಂಡು ಅದನ್ನು ಸಾಕಿದವಳು ಅವಳು. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಐದು ಹೊತ್ತಿನ ನಮಾಝಿನಲ್ಲೂ ನಿನಗಾಗಿ ದುಆ ಮಾಡುತ್ತೇನೆ, ಸಿಟ್ಟಿದ್ದರೂ.

ನಿನ್ನ ಉಮ್ಮ
ಮೈಮೂನಮ್ಮ

ಬರೆಯಲು ಬಿಟ್ಟುಹೋಯಿತು, ಸುಲೈಮಾನ ಹೊರಗೆ ಕಾಯುತ್ತಿದ್ದಾನೆ: ಆಟದ ಪಾಸ್‌ವರ್ಡನ್ನು ನಿನ್ನೆಯೇ ಝುಹ್ರಾಳ ಕೈಯಿಂದ ಬದಲಾಯಿಸಿ ಹಾಕಿಸಿದ್ದೇನೆ. ನನಗೂ ಹೇಳಬೇಡ ಎಂದಿದ್ದೇನೆ. ಬೇಕಿದ್ದರೆ ಅವಳನ್ನೇ ಕೇಳು. ಮೊದಲು ಕ್ಷಮೆ ಕೇಳು.