ಎಲೆಅಡಿಕೆ ಉಗಿಸದೆ ಬರೆದ ‘ಸಹಜ’

ಬಾಯಿ ತಪಾಸಣಾ ಶಿಬಿರದ ಮೇಲಧಿಕಾರಿಗಳೇ,

ಮಾನ್ಯರೇ, ನಿಮ್ಮ ಶಿಬಿರ ನನ್ನ ಗಂಡನಿಗೆ ಕೊಟ್ಟ ಚೀಟಿಯಲ್ಲಿ ‘ಬಾಯಿ: ಸಹಜ’ ಎಂದಿದೆ. ಆ ಬಾಯನ್ನು ನಿಮ್ಮವರು ನೋಡಿಯೇ ಇಲ್ಲ.

ನಮ್ಮ ಯಜಮಾನರು ಮುರುಗೇಶಪ್ಪ ಭದ್ರಾವತಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರು. ಇಪ್ಪತ್ತೆರಡು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಅಗಿಯುತ್ತಾರೆ. ಹೋದ ದೀಪಾವಳಿ ಹೊತ್ತಿಗೆ ಎಡಗೆನ್ನೆಯ ಒಳಗೆ ಬೆರಳಗಲದ ಬಿಳಿ ಮಚ್ಚೆ ಕಂಡಿತು. ಸುಣ್ಣ ಸುಟ್ಟಿದೆ ಎಂದೆ. ಸುಣ್ಣ ಹೆಚ್ಚಾಗಿ ಬಾಯಿ ಬೆಂದರೆ ನಮ್ಮಲ್ಲಿ ತುಪ್ಪ ಸವರುತ್ತಾರೆ. ನಾನೂ ಮೂರು ತಿಂಗಳು ಸವರಿದೆ. ಆ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆಮೇಲೆ ಅವರ ವರ್ಕ್‌ಶಾಪಿನ ಬೀದಿಗೇ ನಿಮ್ಮ ಶಿಬಿರ ಬಂತು. ನಾನೂ ಜೊತೆಗೆ ಹೋಗಿದ್ದೆ. ಸರದಿ ಉದ್ದವಿತ್ತು, ಕಾಯುತ್ತಾ ಅವರು ಎಲೆಅಡಿಕೆ ಹಾಕಿಕೊಂಡರು. ಕೆನ್ನೆ ಉಬ್ಬಿಸಿಕೊಂಡೇ ನಿಮ್ಮ ಮೇಜಿನ ಮುಂದೆ ನಿಂತರು. ನಿಮ್ಮವರು ಹೆಸರು, ವಯಸ್ಸು, ಫೋನ್ ನಂಬರ್ ಕೇಳಿದರು. ಯಜಮಾನರ ಬಾಯಿ ತುಂಬಿದ್ದರಿಂದ ಉತ್ತರ ಹೇಳಿದ್ದು ನಾನು. ಬಾಯಿ ತೋರಿಸಲು ಬಂದವನು ಬಾಯಿ ಬಿಡದೇ ಹೋದದ್ದು ನಿಮ್ಮ ಸಿಬ್ಬಂದಿಗೆ ವಿಚಿತ್ರ ಅನ್ನಿಸಲಿಲ್ಲವೇ? ‘ಉಗಿದು ಬನ್ನಿ’ ಎನ್ನಲು ಮೇಲಿನಿಂದ ಆದೇಶ ಬರಬೇಕಿತ್ತೇ? ಟಾರ್ಚ್ ಮೇಜಿನ ಮೇಲೇ ಇತ್ತು, ಕವರ್ ಸಹ ಬಿಚ್ಚಿರಲಿಲ್ಲ. ಸೀಲ್ ಮಾತ್ರ ಬಹಳ ಚೆನ್ನಾಗಿ ಬಿತ್ತು. ನಾನೂ ಆ ಚೀಟಿ ನೋಡಿ ಸಮಾಧಾನಪಟ್ಟುಕೊಂಡೆ.

ಹೋದ ತಿಂಗಳು ಹಲ್ಲುನೋವೆಂದು ನವುಲೆಯ ದಂತವೈದ್ಯೆ ಶ್ರೀಗೌರಿಯವರ ಹತ್ತಿರ ಹೋದೆವು. ಅವರು ಬಟ್ಟೆಯಿಂದ ಉಜ್ಜಿದರೂ ಮಚ್ಚೆ ಹೋಗಲಿಲ್ಲ.

“ಎಲ್ಲಾ ಬಿಳಿ ಮಚ್ಚೆನೂ ಕ್ಯಾನ್ಸರ್ ಅಲ್ಲಮ್ಮ. ಆದ್ರೆ ಇದು ನಡುವೆ ಕೆಂಪಾಗಿದೆ, ಗಟ್ಟಿಯಾಗಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸ್ಲೇಬೇಕು, ತಡ ಮಾಡ್ಬೇಡಿ” ಅಂದರು.

ಯಜಮಾನರು ಜೇಬಿನಿಂದ ನಿಮ್ಮ ಚೀಟಿ ತೆಗೆದು ನನಗೆ ತೋರಿಸಿದರು. “ಸೀಲ್ ಹಾಕಿ ಕೊಟ್ಟಿದಾರೆ ನೋಡು ಮಾರಾಯ್ತಿ. ಪ್ರೈವೇಟ್‌ನೋರು ಹೆದರಿಸ್ತಾರೆ. ನಾನಂತೂ ಬರಲ್ಲ.”

ಅದಕ್ಕೆ ಲ್ಯಾಮಿನೇಶನ್ ಬೇರೆ ಮಾಡಿಸಿದ್ದಾರೆ, ಮಾನ್ಯರೇ! ಈಗ ಸಾರಿನ ಖಾರ ತಾಗಿದರೆ ಅವರ ಕಣ್ಣಲ್ಲಿ ನೀರು ಬರುತ್ತದೆ. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ. ಅತ್ತು ನೋಡಿದೆ, ಜಗಳವಾಡಿದೆ, ಊಟ ಬಿಟ್ಟೆ, ಯಾವುದಕ್ಕೂ ಜಗ್ಗುತ್ತಿಲ್ಲ. ನನಗೆ ತುಂಬಾ ಭಯವಾಗುತ್ತಿದೆ.

ನನಗೆ ತನಿಖೆ ಬೇಡ, ಯಾರನ್ನೂ ಅಮಾನತು ಮಾಡಬೇಡಿ. ಈ ವಾರವೇ ಅದೇ ಸೀಲ್ ಹಿಡಿದು ಯಾರಾದರೂ ನಮ್ಮ ಮನೆಗೆ ಬರಲಿ. ‘ಅಂದು ಈ ಬಾಯಿ ನೋಡಿರಲಿಲ್ಲ’ ಎಂದು ಒಂದೇ ಒಂದು ಸಾಲು ಬರೆದು, ಸೀಲ್ ಹಾಕಿ ಯಜಮಾನರ ಕೈಗೆ ಕೊಡಲಿ. ನನ್ನ ಮಾತು ನಂಬದವರು ನಿಮ್ಮ ಸೀಲನ್ನು ನಂಬುತ್ತಾರೆ.

ಇಂತಿ,
ಅಂದು ಗಂಡನ ಬಾಯಿ ತೆರೆಸದೆ ತಾನೇ ಉತ್ತರ ಹೇಳಿದ
ತನುಜಾ ಮುರುಗೇಶಪ್ಪ
ಹೊಸಮನೆ, ಶಿವಮೊಗ್ಗ